ಹೊಲಿಗೆಯ ಕೈ, ಬ್ರೇಕಿನ ಕಾಲು

ಐವತ್ತೊಂದನೇ ವಯಸ್ಸಿನಲ್ಲಿ ನಾನು ಕಾರು ಓಡಿಸಲು ಕಲಿತೆ. ಯಾರೂ ಕೇಳದಿದ್ದರೂ ನಾನೇ ಹೇಳಿಕೊಳ್ಳುತ್ತೇನೆ. ರವಿಕೆ ಅಳತೆ ಕೊಡಲು ಬಂದವರಿಗೆ ಟೇಪು ಹಿಡಿದುಕೊಂಡೇ ಹೇಳಿದ್ದೇನೆ, ಹಾಲು ಹಾಕುವವನಿಗೆ ಹೇಳಿದ್ದೇನೆ, ಕರೆಂಟ್ ಬಿಲ್ ಬರೆಯಲು ಬಂದವರಿಗೂ ಹೇಳಿದ್ದೇನೆ. ಜಂಭ ಅಂದುಕೊಳ್ಳುವವರು ಅಂದುಕೊಳ್ಳಲಿ. ಮೂವತ್ತು ವರ್ಷ ಕತ್ತು ಬಗ್ಗಿಸಿ ಊರಿನವರ ಬಟ್ಟೆ ಹೊಲಿದವಳು ಒಂದು ಸಲ ಕತ್ತೆತ್ತಿ ರಸ್ತೆ ನೋಡಿದರೆ ಅಷ್ಟಾದರೂ ಜಂಭ ಇರಬೇಡವೇ!

ನಮ್ಮ ಮನೆ ಕೋಟೆ ತಾಲೂಕಿನ ಹ್ಯಾಂಡ್‌ಪೋಸ್ಟ್‌ನಲ್ಲಿ, ರಸ್ತೆಗೆ ಮುಖ ಮಾಡಿದೆ. ಮುಂದಿನ ಕೋಣೆಯೇ ನನ್ನ ಟೈಲರ್ ಅಂಗಡಿ. ನನ್ನದು ಕಾಲಲ್ಲಿ ತುಳಿಯುವ ಮಿಷನ್. ಎಲ್ಲರೂ ಮೋಟರು ಹಾಕಿಸಿಕೊಂಡಿದ್ದಾರೆ, ನಾನು ಹಾಕಿಸಿಲ್ಲ. ಕರೆಂಟನ್ನು ನಂಬಿ ಹಬ್ಬದ ಹಿಂದಿನ ದಿನ ಗಿರಾಕಿಗೆ ಮಾತು ಕೊಡುವುದಕ್ಕೆ ನನಗಾಗುವುದಿಲ್ಲ. ನನ್ನ ಯಜಮಾನರು ಇಲ್ಲಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಬಾಡಿಗೆ ಗಾಡಿ ಓಡಿಸಿದವರು. ಕೋಟೆ, ಸರಗೂರು, ಹುಣಸೂರು, ಗಡಿ ದಾಟಿ ಮಾನಂದವಾಡಿ, ಯಾವ ರಸ್ತೆಯಲ್ಲಿ ಎಲ್ಲಿ ಹಂಪು ಇದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದರು. ಆದರೆ ಬೇರೆಯವರು ಓಡಿಸುವ ಗಾಡಿಯಲ್ಲಿ ಅವರು ಒಂದು ಸಲವೂ ಕಣ್ಣು ಮುಚ್ಚಿದವರಲ್ಲ. ಮದುವೆಗೆ ಬಸ್ಸಿನಲ್ಲಿ ಹೋದರೂ ಡ್ರೈವರ್ ಹಿಂದೆ ಕಂಬ ಹಿಡಿದು ನಿಂತು, ಅವನ ಕಾಲನ್ನೇ ನೋಡುತ್ತಾ, ತಾವೂ ಬಲಗಾಲಿನಿಂದ ಬರೀ ನೆಲವನ್ನು ಒತ್ತುತ್ತಿದ್ದರು. ಇಲ್ಲದ ಬ್ರೇಕು ಅದು. ನಾನು ನಕ್ಕರೆ, “ಸುಮ್ಕಿರಮ್ಮಿ, ಅವ್ನು ತಡವಾಗಿ ಹಿಡಿತಾವ್ನೆ” ಎನ್ನುವರು.

ಅಂಥವರಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಬಂತು. ಎಡಗಣ್ಣು ಹೋಯಿತು. ಬಲಗಣ್ಣು ಉಳಿಯಬೇಕಾದರೆ ತಿಂಗಳಿಗೊಂದು ಸಲ ಮೈಸೂರಿಗೆ ಹೋಗಿ ಕಣ್ಣಿಗೇ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು, ತಪ್ಪಿಸಿದರೆ ಅದೂ ಹೋಗುತ್ತದೆ ಎಂದು ಡಾಕ್ಟರು ಎದುರಿಗೇ ಹೇಳಿದರು. ಗಾಡಿ ಮುಟ್ಟಬೇಡಿ ಎಂದೂ ಹೇಳಿದರು. ಮನೆಗೆಂದು ಕೊಂಡಿದ್ದ ನಮ್ಮ ಹಳೆಯ ಬಿಳಿ ಕಾರಿನ ಕೀಯನ್ನು ಆ ದಿನವೇ ಅವರು ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದರು, ಮತ್ತೆ ಅದನ್ನು ಮುಟ್ಟಲಿಲ್ಲ.

ಎರಡು ತಿಂಗಳು ಬಸ್ಸಿನಲ್ಲಿ ಹೋಗಿ ಬಂದೆವು. ಎರಡನೆಯ ಸಲ ಒಂದು ಎಡವಟ್ಟಾಯಿತು. ಗುರುತಿನ ಕಂಡಕ್ಟರು, ಪಾಪ, ಪ್ರೀತಿಯಿಂದಲೇ ಇವರ ರಟ್ಟೆ ಹಿಡಿದು ಹತ್ತಿಸಿಕೊಂಡು, ಮುಂದೆ ಕೂತಿದ್ದ ಒಬ್ಬ ಮುದುಕಿಗೆ, “ಎದ್ದೇಳವ್ವ, ಅಣ್ಣಂಗೆ ಕಣ್ಣು ಕಾಣಾಕಿಲ್ಲ” ಎಂದುಬಿಟ್ಟ. ಬಸ್ಸಿಡೀ ತಿರುಗಿ ನೋಡಿತು. ಇವರು ಕೂರಲಿಲ್ಲ, ಮೈಸೂರಿನವರೆಗೂ ನಿಂತೇ ಇದ್ದರು. ಮೂರನೆಯ ತಿಂಗಳು, “ನಾನು ಬರಾಕಿಲ್ಲ” ಎಂದರು.

“ಟ್ಯಾಕ್ಸಿ ಮಾಡಾನ. ಸ್ಟ್ಯಾಂಡಿನವರು ಯಾರಾದ್ರೂ ಬತ್ತಾರೆ” ಎಂದೆ.

“ನಾನ್ ಕಲ್ಸಿದವ್ರ ಪಕ್ಕದಲ್ಲಿ ನಾನು ಕುಂತ್ಕಂಡು ಓಗಬೇಕಾ? ಬುಡು ಮಾತ.”

“ಕಣ್ಣು ಓಯ್ತದೆ ಕಣ್ರೀ!”

“ಓದ್ರೆ ಓಗ್ಲಿ. ಕಾರೂ ಮಾರ್ಬುಡಾನ. ಸರಗೂರಿನ ಪಾತ್ರೆ ಅಂಗಡಿಯೋನು ಕೇಳ್ತಾವ್ನೆ.”

ನನಗೆ ಎಲ್ಲಿತ್ತೋ ಕೋಪ. ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ, “ಯಾರಿಗೂ ಮಾರಬ್ಯಾಡಿ. ನಾನು ಕಲ್ತು ನಾನೇ ಕರ್ಕೊಂಡೋಯ್ತೀನಿ” ಎಂದುಬಿಟ್ಟೆ. ಹೇಳುವವರೆಗೂ ಆ ಯೋಚನೆ ನನಗೇ ಗೊತ್ತಿರಲಿಲ್ಲ. ಅವರು ನಕ್ಕರು. ಕಣ್ಣಿನ ತೊಂದರೆ ಬಂದ ಮೇಲೆ ಅವರು ಮೊದಲ ಸಲ ನಕ್ಕದ್ದು ಅದು, ಅದೂ ನನ್ನನ್ನು ನೋಡಿ! ಹೊಟ್ಟೆ ಉರಿದುಹೋಯಿತು.

“ಸೈಕಲ್ಲೇ ಬರಾಕಿಲ್ಲ ನಿಂಗೆ.”

“ಕಾರಿಗೆ ನಾಲ್ಕು ಚಕ್ರ ಅದೆ, ಬೀಳಾಕಿಲ್ಲ.”

“ಸರಿ. ಸಂಕ್ರಾಂತಿವರೆಗೂ ಟೈಮ್ ಕೊಟ್ಟಿವ್ನಿ. ಲೈಸೆನ್ಸ್ ತಗೊಂಡ್ರೆ ಮೈಸೂರಿಗೆ ಬತ್ತೀನಿ. ಇಲ್ದಿದ್ರೆ ಗಾಡಿ ಸರಗೂರಿಗೆ.”

ಅವರು ಮಾತು ಕೊಟ್ಟರೆ ತಪ್ಪುವವರಲ್ಲ, ಎರಡು ಕಡೆಗೂ. ಸಂಕ್ರಾಂತಿಗೆ ಎರಡು ತಿಂಗಳಿಗಿಂತ ವಸಿ ಕಡಿಮೆಯೇ ಇತ್ತು. ಅಷ್ಟರಲ್ಲಿ ಕಲಿಯದಿದ್ದರೆ ಕಾರೊಂದೇ ಹೋಗುವುದಲ್ಲ, ಆ ಮನುಷ್ಯ ಹಟಕ್ಕೆ ಕೂತು ಇನ್ನೊಂದು ಕಣ್ಣನ್ನೂ ಕಳೆದುಕೊಳ್ಳುತ್ತಾರೆ. ನನಗೆ ಅದು ಚೆನ್ನಾಗಿ ಗೊತ್ತಿತ್ತು.

ಮಾರನೆಯ ದಿನವೇ ಕೋಟೆಯ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಕಲಿಸುವ ಮೇಷ್ಟ್ರು ದಪ್ಪ ಮೀಸೆಯವರು, ಸಿಟ್ಟು ಕಡಿಮೆ, ಬೆವರು ಜಾಸ್ತಿ. ಅವರ ಕಾರಿನಲ್ಲಿ ಅವರ ಕಾಲ ಬುಡದಲ್ಲೂ ಒಂದು ಬ್ರೇಕು ಇರುತ್ತದೆ ಎಂದು ತಿಳಿದಾಗ ನನ್ನ ಅರ್ಧ ಭಯ ಹೋಯಿತು. ಎಡಗಾಲು ಕ್ಲಚ್ಚು, ಬಲಗಾಲಿಗೆ ಬ್ರೇಕು ಮತ್ತು ಆಕ್ಸಿಲೇಟರು. “ಕ್ಲಚ್ಚು ನಿಧಾನಕ್ಕೆ ಬುಡಿ ಅಕ್ಕ, ನಿಧಾನಕ್ಕೆ” ಎಂದರೆ ನಾನು ಬಿಡುವುದೇನೋ ನಿಧಾನಕ್ಕೇ. ಆದರೆ ಮಿಷನ್ ತುಳಿದು ತುಳಿದು ನನ್ನ ಎರಡು ಪಾದಗಳೂ ಜೋಡೆತ್ತುಗಳಾಗಿಬಿಟ್ಟಿದ್ದವು. ಒಂದು ಎದ್ದರೆ ಇನ್ನೊಂದೂ ಏಳುವುದು, ಒಂದು ಒತ್ತಿದರೆ ಇನ್ನೊಂದೂ ಒತ್ತುವುದು. ಗಾಡಿ ಎಗರಿ ಎಗರಿ ನಿಲ್ಲುತ್ತಿತ್ತು. ಮೊದಲ ದಿನ ಎಷ್ಟು ಸಲ ಬಂದ್ ಮಾಡಿದೆನೋ ಲೆಕ್ಕವಿಲ್ಲ.

ಸಂಜೆ ಮನೆಗೆ ಬಂದರೆ ಇವರು ಕಟ್ಟೆಯ ಮೇಲೆ ಕೂತಿದ್ದರು. ಏನೂ ಕೇಳಲಿಲ್ಲ. ಊಟಕ್ಕೆ ಬಡಿಸುವಾಗ ಮಾತ್ರ, “ಎಡಮಂಡಿ ನೋಯ್ತದಾ?” ಎಂದರು.

“ಊಂ. ನಿಮಗೆಂಗೆ ಗೊತ್ತು?”

“ಕಾಲು ಎಳಿತಾ ಬಂದೆ, ಕೇಳಿಸ್ತು. ಕ್ಲಚ್ ಮ್ಯಾಲೆ ಕಾಲ್ ಮಡಿಕ್ಕೊಂಡೇ ಓಡುಸ್ತೀಯ. ತಗ್ದು ಪಕ್ಕಕ್ಕೆ ಮಡಗು.”

ಅಷ್ಟೇ. ಆದರೆ ಮಾರನೆಯ ದಿನ ನಾನು ಪಾದವನ್ನು ತೆಗೆದು ಪಕ್ಕಕ್ಕಿಟ್ಟೆ, ಮೇಷ್ಟ್ರು ಹುಬ್ಬೇರಿಸಿದರು.

ಎರಡನೇ ವಾರಕ್ಕೆ ಗೇರು ಕೈಗೆ ಹತ್ತಿತು. ಸರಗೂರು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಹೋಗುವಾಗ ಎದೆಯೊಳಗೆ ಏನೋ ಒಂದು ಖುಷಿ, ಹೇಳತೀರದು. ಮೊದಲೆಲ್ಲ ಬಾನೆಟ್ಟಿನ ತುದಿಯನ್ನೇ ನೋಡಿಕೊಂಡು ಓಡಿಸುತ್ತಿದ್ದೆ, ಗಾಡಿ ಆ ಕಡೆ ಈ ಕಡೆ ಹೊಯ್ದಾಡುತ್ತಿತ್ತು. ಆಮೇಲೆ ನನಗೇ ಹೊಳೆಯಿತು. ಹೊಲಿಯುವಾಗ ನಾನು ಸೂಜಿಯನ್ನು ನೋಡುವುದಿಲ್ಲವಲ್ಲ, ಮುಂದೆ ಬರುವ ಬಟ್ಟೆಯನ್ನು ನೋಡುತ್ತೇನೆ. ಹಾಗೆಯೇ ದೂರ ನೋಡತೊಡಗಿದೆ. ಗಾಡಿ ಗೆರೆ ಹೊಡೆದ ಹಾಗೆ ಹೋಯಿತು. “ಅಕ್ಕ, ಯಾರೇಳ್ಕೊಟ್ರು ಇದ್ನ?” ಎಂದರು ಮೇಷ್ಟ್ರು. “ಯಾರೂ ಇಲ್ಲ, ನಾನೇ” ಎಂದೆ, ಬೇಕೆಂದೇ ವಸಿ ಗಟ್ಟಿಯಾಗಿ.

ಎಲ್ಲ ಬಂತು, ನಿಲ್ಲಿಸುವುದೊಂದು ಬರಲಿಲ್ಲ. ನಿಧಾನವಾಗಿ, ಯೋಚನೆ ಮಾಡಿಕೊಂಡು ನಿಲ್ಲಿಸು ಎಂದರೆ ನಿಲ್ಲಿಸುತ್ತಿದ್ದೆ. ಏಕಾಏಕಿ “ನಿಲ್ಸಿ!” ಎಂದರೆ ಮುಗಿಯಿತು. ಏನು ಮಾಡುತ್ತಿದ್ದೆನೋ ನನಗೇ ತಿಳಿಯುತ್ತಿರಲಿಲ್ಲ. ಗಾಡಿ ಹೋಗುತ್ತಲೇ ಇರುತ್ತಿತ್ತು, ಕೊನೆಗೆ ಮೇಷ್ಟ್ರೇ ತಮ್ಮ ಬ್ರೇಕು ತುಳಿಯುತ್ತಿದ್ದರು.

ಅದು ಹುರುಳಿ ಒಕ್ಕಣೆಯ ಕಾಲ. ನಮ್ಮ ಕಡೆ ಹುರುಳಿ ಗಿಡವನ್ನು ಕಿತ್ತು ತಂದು ಟಾರು ರಸ್ತೆಯ ಮೇಲೇ ಹರಡುತ್ತಾರೆ, ಹೋಗಿಬರುವ ಗಾಡಿಗಳು ತುಳಿದು ತುಳಿದು ಕಾಳು ಬಿಡಿಸಿಕೊಡುತ್ತವೆ. ಬಾಡಿಗೆ ಓಡಿಸುವಾಗ ಇವರು ಅದನ್ನು ಕಂಡರೆ ಬೈಯುತ್ತಿದ್ದರು, ಜಾರುತ್ತದೆ, ಗಾಡಿಯ ಕೆಳಗೆ ಸುತ್ತಿಕೊಂಡು ಬೆಂಕಿ ಹತ್ತುತ್ತದೆ ಎಂದು. ಒಂದು ಬೆಳಿಗ್ಗೆ ಒಬ್ಬ ಅಜ್ಜಿ ರಸ್ತೆಯ ಬದಿಯಲ್ಲಿ ಗಿಡ ಕೊಡವುತ್ತಿದ್ದಳು, ಅವಳ ಕೋಳಿಯೊಂದು ಅಡ್ಡ ಓಡಿತು. “ನಿಲ್ಸಿ!” ಎಂದರು ಮೇಷ್ಟ್ರು. ನನ್ನ ಬಲಗೈ ಸ್ಟೇರಿಂಗನ್ನು ಪಟ್ಟೆಂದು ಬಡಿಯಿತು, ಗಾಡಿ ಬಲಕ್ಕೆ ತಿರುಗಿ ಹುರುಳಿಯ ಗುಡ್ಡೆಗೆ ನುಗ್ಗಿತು. ಕೋಳಿ ಬಚಾವಾಯಿತು. ನಾನು ಸ್ಟೇರಿಂಗಿಗೆ ಹಣೆಯಿಟ್ಟು ಕೂತೆ. ಅಜ್ಜಿ ಬೈಯುತ್ತಾಳೆ ಎಂದುಕೊಂಡರೆ ಅವಳು ಕಿಟಕಿಗೆ ಬಂದು ಬಗ್ಗಿ ನೋಡಿ, “ಅಯ್ಯೋ, ಎಂಗಸು ಕಣ್ಲಾ ಓಡ್ಸ್ತಿರೋದು!” ಎಂದು ಮೇಷ್ಟ್ರಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, “ಆಗಿದ್ದಾಯ್ತು ಬುಡವ್ವ. ಇನ್ನೊಂದ್ ನಾಕ್ ಸಾರಿ ಇಂದಕ್ಕೂ ಮುಂದಕ್ಕೂ ಓಡ್ಸು, ಕಾಳೆಲ್ಲ ಉದುರ್ಲಿ” ಎಂದಳು.

ಓಡಿಸಿದೆ. ರಿವರ್ಸು ಕಲಿತದ್ದು ಆ ಅಜ್ಜಿಯ ಹುರುಳಿಯ ಮೇಲೆಯೇ. ಹೊರಡುವಾಗ ಮೇಷ್ಟ್ರು ಕೆಳಗೆ ಬಗ್ಗಿ, ಚಕ್ರಕ್ಕೆ ಸುತ್ತಿದ ಬಳ್ಳಿಯನ್ನೆಲ್ಲ ಕಿತ್ತು ತೆಗೆದರು. ಅಜ್ಜಿ ಒಂದು ಸೇರು ಹುರುಳಿಯನ್ನು ನನ್ನ ಸೆರಗಿಗೆ ಹಾಕಿದಳು. ಮನೆಯಲ್ಲಿ ಸಾರು ಮಾಡಿ ಬಡಿಸಿ, “ನಾನು ಓಡಿಸಿ ಸಂಪಾದಿಸಿದ್ದು” ಎಂದೆ. ಇವರು ಎರಡು ಸಲ ಹಾಕಿಸಿಕೊಂಡು ಉಂಡರು.

ಕಲಿಯುವವರ ಲೈಸೆನ್ಸು, ಎಲ್ಎಲ್, ಮಾಡಿಸಿ ತಿಂಗಳಾದ ಮೇಲೆ ಹುಣಸೂರಿನಲ್ಲಿ ಟೆಸ್ಟು. ಸಂಕ್ರಾಂತಿಗೆ ಹದಿನೈದು ದಿನವಷ್ಟೇ ಉಳಿದಿತ್ತು. ಎಂಟಂಕಿ ಹಾಕಿದೆ, ಒಂದು ಗೆರೆಯನ್ನೂ ಮುಟ್ಟಲಿಲ್ಲ. ರವಿಕೆಯ ತೋಳಿನ ಸುತ್ತು ಕತ್ತರಿಸುವುದಕ್ಕಿಂತ ಸುಲಭ ಅದು. ರಿವರ್ಸ್ ತೆಗೆದೆ. ಪಕ್ಕದಲ್ಲಿ ಕೂತ ಇನ್ಸ್‌ಪೆಕ್ಟರು ತಲೆದೂಗುತ್ತಿದ್ದರು. ಕೊನೆಗೆ, ನಾನು ಇನ್ನೇನು ಗೆದ್ದೆ ಎಂದುಕೊಂಡಿರುವಾಗ, ಅವರು ಇದ್ದಕ್ಕಿದ್ದಂತೆ “ಸ್ಟಾಪ್!” ಎಂದರು. ನನ್ನ ಕೈ ಹೋಗಿ ಮತ್ತೆ ಸ್ಟೇರಿಂಗನ್ನು ಬಡಿಯಿತು. ಗಾಡಿ ಗೆರೆ ದಾಟಿ, ನೆಟ್ಟಿದ್ದ ಕೋಲೊಂದನ್ನು ಬೀಳಿಸಿ ನಿಂತಿತು.

“ಬ್ರೇಕ್ ಎಲ್ಲಿದೆ ಅಂತ ಗೊತ್ತಾ ಮೇಡಂ?”

“ಗೊತ್ತು ಸಾರ್.”

“ಮತ್ತೆ?”

ಮತ್ತೇನು ಹೇಳಲಿ? “ವಯಸ್ಸಾಗಿದೆ, ಭಯ ಇದೆ. ಇನ್ನೂ ಪ್ರಾಕ್ಟೀಸ್ ಮಾಡಿ, ಮುಂದಿನ ವಾರ ಬನ್ನಿ” ಎಂದರು. ವಯಸ್ಸಂತೆ! ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಭಯ ನನಗೆ ಇರಲಿಲ್ಲ. ಇದ್ದದ್ದು ಏನು ಎಂದು ಮಾತ್ರ ಗೊತ್ತಿರಲಿಲ್ಲ.

ಮನೆಗೆ ಬಂದವಳು ಯಾರ ಜೊತೆಗೂ ಮಾತಾಡದೆ ಮಿಷನ್ ಮುಂದೆ ಕೂತು, ಯಾರದೋ ಲಂಗದ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾ ದಡದಡ ತುಳಿದೆ. ಇವರು ಒಳಗಿನಿಂದ ಬಂದು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತರು.

“ಏನಾಯ್ತು?”

“ಏನೂ ಆಗ್ಲಿಲ್ಲ. ಮಾರ್ಕೊಳ್ಳಿ ನಿಮ್ ಗಾಡಿ.”

“ಏನಾಯ್ತು ಯೋಳಮ್ಮಿ.”

ಹೇಳಿದೆ. ಎಲ್ಲ ಬರುತ್ತದೆ, ಏಕಾಏಕಿ ನಿಲ್ಲಿಸು ಎಂದರೆ ಕೈ ಹೋಗಿ ಸ್ಟೇರಿಂಗ್ ಬಡಿಯುತ್ತದೆ ಎಂದೆ. ನಾನು ಮತ್ತೆ ತುಳಿಯತೊಡಗಿದೆ. ಇದ್ದಕ್ಕಿದ್ದಂತೆ ಅವರು, “ನಿಲ್ಸು!” ಎಂದು ಕೂಗಿದರು. ಬೆಚ್ಚಿ ನಿಲ್ಲಿಸಿದೆ.

“ಯಾಕ್ರೀ ಹಿಂಗ್ ಕೂಗ್ತೀರಿ?”

“ಇನ್ನೊಂದ್ ಸಾರಿ ತುಳಿ.” ತುಳಿದೆ. “ನಿಲ್ಸು!” ನಿಲ್ಲಿಸಿದೆ. ಅವರು ಎರಡೂ ಸಲ ಕಣ್ಣು ಮುಚ್ಚಿಕೊಂಡಿದ್ದರು.

“ಟಪ್ ಅಂತದೆ” ಎಂದರು. “ಮೂವತ್ ವರ್ಷದಿಂದ ಕೇಳ್ತಾವ್ನಿ. ದಡದಡದಡ, ಟಪ್. ನೀನು ಮಿಷನ್ ನಿಲ್ಸೋದು ಕಾಲಲ್ಲಲ್ಲ ಕಣಮ್ಮಿ, ಕೈಲಿ. ನಿನ್ ಕೈ ಎಲ್ಲದೆ ನೋಡ್ಕೋ ಈಗ.”

ನೋಡಿಕೊಂಡೆ. ನನ್ನ ಬಲ ಅಂಗೈ ಮಿಷನ್ನಿನ ಬಲಗಡೆಯ ಚಕ್ರದ ಮೇಲಿತ್ತು. ಹೌದಲ್ಲ! ಹೊಲಿಗೆಯವರು ಯಾರಾದರೂ ಹಾಗೇ ಮಾಡುವುದು. ಸೂಜಿ ಸರಿಯಾದ ಜಾಗದಲ್ಲಿ ನಿಲ್ಲಬೇಕಾದರೆ ಅಂಗೈಯನ್ನು ಚಕ್ರದ ಮೇಲೆ ಇಟ್ಟುಬಿಡುತ್ತೇವೆ, ಅದು ನಿಲ್ಲುತ್ತದೆ. ಕಾರಿನಲ್ಲೂ ನನ್ನ ಕೈ ಅದೇ ಚಕ್ರವನ್ನು ಹುಡುಕುತ್ತಿತ್ತು. ಮೇಷ್ಟ್ರಿಗೆ ಕಾಣದ್ದು, ಇನ್ಸ್‌ಪೆಕ್ಟರಿಗೆ ಕಾಣದ್ದು, ನನ್ನ ಎರಡು ಒಳ್ಳೆಯ ಕಣ್ಣಿಗೂ ಕಾಣದ್ದು ಇವರಿಗೆ ಕೇಳಿಸಿತ್ತು. ಇಬ್ಬರೂ ನಕ್ಕೆವು. ಈ ಸಲದ ನಗು ನನಗೆ ಹೊಟ್ಟೆ ಉರಿಸಲಿಲ್ಲ.

“ನಾಳೆಯಿಂದ ಚಕ್ರಕ್ಕೆ ಕೈ ಮಡಗಂಗಿಲ್ಲ. ಕಾಲಲ್ಲೇ ಹಿಡ್ದು ನಿಲ್ಸು” ಎಂದರು.

ಒಂದು ವಾರ ನಮ್ಮ ಅಂಗಡಿಯಲ್ಲಿ ನಡೆದದ್ದು ಡ್ರೈವಿಂಗ್ ಕ್ಲಾಸೋ ಟೈಲರಿಂಗೋ ದೇವರಿಗೇ ಗೊತ್ತು. ಅವರು ಬಾಗಿಲಲ್ಲಿ ಕೂತು ಯಾವಾಗ ಬೇಕಾದರೂ “ನಿಲ್ಸು!” ಎನ್ನುವರು, ಗಿರಾಕಿ ಇರಲಿ ಬಿಡಲಿ. ಅಭ್ಯಾಸ ಸುಲಭಕ್ಕೆ ಬಿಡುತ್ತದೆಯೇ? ಕೈ ಹೋದರೆ “ಟಪ್ ಅಂತು!” ಎಂದು ಅಲ್ಲಿಂದಲೇ ಹಿಡಿಯುವರು. ಸೂಜಿ ಮುರಿದವು, ಒಬ್ಬಳ ರವಿಕೆಯ ತೋಳು ಪೂರ್ತಿ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಅವಳು ಅದನ್ನು ಕೇಳಿ, “ಅಣ್ಣ, ನನ್ ರವ್ಕೆ ಆದ್ಮೇಲೆ ಕಲ್ಸಿ” ಎಂದು ಬೇಡಿಕೊಂಡಳು. ಐದನೆಯ ದಿನ ಅವರು ಕೂಗಿದಾಗ ಟಪ್ ಅನ್ನಲಿಲ್ಲ. ನನ್ನ ಪಾದ ಮಿಷನ್ನಿನ ತುಳಿಯುವ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದಿತ್ತು. ಬಲಗೈ ಮಡಿಲಲ್ಲಿತ್ತು.

ಮುಂದಿನ ವಾರ ಹುಣಸೂರಿನಲ್ಲಿ ಅದೇ ಇನ್ಸ್‌ಪೆಕ್ಟರು “ಸ್ಟಾಪ್!” ಎಂದಾಗ ಅವರ ಕನ್ನಡಕ ಮೂಗಿನ ತುದಿಗೆ ಜಾರುವಂತೆ ನಿಲ್ಲಿಸಿದೆ. “ಸಾಕು ಮೇಡಂ, ಪಾಸ್” ಎಂದರು. “ವಯಸ್ಸಾಗಿದೆ ಸಾರ್, ಅದಕ್ಕೇ ಎರಡು ಸಲ ಬೇಕಾಯ್ತು” ಎಂದು ಹೇಳಿಯೇ ಇಳಿದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ.

ಲೈಸೆನ್ಸು ಸಂಕ್ರಾಂತಿಗೆ ಎರಡು ದಿನ ಮುಂಚೆ ಕೈಗೆ ಬಂತು. ಮೊಳೆಯಿಂದ ಕೀ ತೆಗೆದೆ. ಅವರು ಮಾತು ಕೊಟ್ಟಿದ್ದ ಹಾಗೆ ಮಾರನೆಯ ಬೆಳಿಗ್ಗೆ ಏಳಕ್ಕೇ ತಯಾರಾಗಿ, ಎಡಗಡೆಯ ಬಾಗಿಲನ್ನು ತಡವಿ ತೆಗೆದು ಕೂತರು. ಮೂವತ್ತು ವರ್ಷದಲ್ಲಿ ಅವರು ಆ ಕಡೆಯಿಂದ ಕಾರು ಹತ್ತಿದ್ದನ್ನು ನಾನು ನೋಡಿರಲಿಲ್ಲ. “ಸ್ಟ್ಯಾಂಡ್ ಮುಂದೆ ಬ್ಯಾಗ ಓಗ್ಬುಡು” ಎಂದರು. ನಾನು ಬೇಗ ಹೋಗಲಿಲ್ಲ. ಇಂಡಿಕೇಟರ್ ಹಾಕಿ, ಎರಡನೇ ಗೇರಿನಲ್ಲಿ, ಎಲ್ಲರೂ ನೋಡಲಿ ಎಂದೇ ಹೋದೆ. ಯಾರೋ ಒಬ್ಬರು ಎದ್ದು ನಿಂತು ಕೈಯೆತ್ತಿದರು.

ಮೈಸೂರಿನವರೆಗೂ ಅವರ ಬಲಗಾಲು ಕಾಲೊರಸಿನ ಮೇಲೆ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಹಂಪು ಬರುವ ಮೊದಲೇ ಒತ್ತುವರು, ಬಸ್ಸು ಎದುರು ಬಂದರೆ ಒತ್ತುವರು. ಬಾಯಿ ಮಾತ್ರ ಬಿಡಲಿಲ್ಲ. ಸಿಗ್ನಲ್ಲಿನ ಏರಿನಲ್ಲಿ ಹಿಂದಿನವನು ಹಾರನ್ ಮೇಲೆ ಹಾರನ್ ಹೊಡೆದಾಗ ಏನೋ ಹೇಳಲು ಬಾಯಿ ತೆರೆದು, ನಾನು ಹಾಫ್ ಕ್ಲಚ್ಚಿನಲ್ಲಿ ಗಾಡಿ ಎತ್ತಿದ್ದೇ ಮುಚ್ಚಿಕೊಂಡರು. ನನ್ನ ಬೆನ್ನೆಲ್ಲ ಬೆವರು. ಆಸ್ಪತ್ರೆಯ ಮುಂದೆ ಎರಡು ಕಾರುಗಳ ನಡುವೆ ರಿವರ್ಸಿನಲ್ಲಿ ನಿಲ್ಲಿಸಿದಾಗ ಅಲ್ಲಿದ್ದ ವಾಚ್‌ಮನ್, “ಕರೆಕ್ಟಾಗ್ ಹಾಕಿದ್ರಿ ಮೇಡಂ” ಎಂದ. ಇವರಿಗೆ ಕೇಳಿಸಿತೋ ಇಲ್ಲವೋ ಎಂದು, “ಏನಂದ್ರಿ?” ಎಂದು ಇನ್ನೊಮ್ಮೆ ಹೇಳಿಸಿದೆ.

ಇಂಜೆಕ್ಷನ್ ಹಾಕಿ, ಇದ್ದ ಒಂದು ಕಣ್ಣಿಗೂ ಸಂಜೆವರೆಗೆ ಬಟ್ಟೆ ಕಟ್ಟಿ ಕಳಿಸಿದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು, ಇನ್ನು ಮೇಲೆ ತಪ್ಪಿಸಬೇಡಿ ಎಂದರು ಡಾಕ್ಟರು. ವಾಪಸು ಬರುವಾಗ ಅವರಿಗೆ ಏನೂ ಕಾಣುತ್ತಿರಲಿಲ್ಲ. ಮೈಸೂರು ದಾಟುವವರೆಗೂ ಅವರ ಪಾದ ಒತ್ತುತ್ತಿತ್ತು. ಆಮೇಲೆ ನಾನು ರಸ್ತೆಯ ಕಡೆ ಗಮನ ಕೊಟ್ಟೆ. ಒಂದು ದೊಡ್ಡ ಹಂಪು ಹಾಯ್ದ ಮೇಲೆ ಏನೋ ಕೊರತೆ ಅನ್ನಿಸಿ ಪಕ್ಕಕ್ಕೆ ನೋಡಿದೆ. ಆ ಬಲಗಾಲು ಸುಮ್ಮನೆ ಚಾಚಿಕೊಂಡಿತ್ತು. ತಲೆ ಕಿಟಕಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಗೊರಕೆ!

ನನ್ನ ಗಾಡಿಯಲ್ಲಿ ಅವರು ಮಲಗಿಬಿಟ್ಟಿದ್ದರು. ನನಗೆ ಲೈಸೆನ್ಸ್ ಸಿಕ್ಕಿದ್ದು ಆವಾಗಲೇ ಅಂತ ನಾನು ಅಂದುಕೊಂಡಿದ್ದೇನೆ. ಕಣ್ಣೊರಸಿಕೊಳ್ಳಲೂ ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ. ಹ್ಯಾಂಡ್‌ಪೋಸ್ಟ್ ಬಂತು, ನಮ್ಮ ಮನೆ ಬಂತು. ನಿಲ್ಲಿಸಿದರೆ ಎಚ್ಚರವಾಗುತ್ತದೆ. ನಿಲ್ಲಿಸಲಿಲ್ಲ, ಸರಗೂರು ರಸ್ತೆಗೆ ತಿರುಗಿಸಿದೆ. ಸರಗೂರಿನ ಬೀದಿಯಲ್ಲಿ ಬಸ್ಸಿನವನು ಹಾರನ್ ಹೊಡೆದಾಗಲೇ ಅವರಿಗೆ ಎಚ್ಚರವಾದದ್ದು.

“ಎಲ್ಲಿದ್ದೀವಮ್ಮಿ?”

“ಸರಗೂರು.”

“ಯಾಕ ಇಲ್ಲಿಗೆ ಬಂದೆ?”

“ನೀವು ಮಲಗಿದ್ರಿ.”

“ನಾನಾ?” ಎಂದರು. ಅಂಗೈಯಿಂದ ಬಾಯಿ ಒರಸಿಕೊಂಡರು. ಆಮೇಲೆ, “ಆ ಪಾತ್ರೆ ಅಂಗಡಿ ಮುಂದೆ ವಸಿ ನಿಲ್ಸು” ಎಂದರು.

ಇಷ್ಟಾದ ಮೇಲೂ ಮಾರುವುದೇ? ಆದರೂ ನಿಲ್ಲಿಸಿದೆ, ಕಾಲಿನಿಂದಲೇ. ಅಂಗಡಿಯವನು ಕಾರು ನೋಡಿದವನೇ ಕೊಳಗ ಕೆಳಗಿಟ್ಟು ಓಡಿ ಬಂದ. “ಏನಣ್ಣ, ಗಾಡಿ ತಂದೇ ಬುಟ್ರಾ!”

“ಇಲ್ಲ ಕಣಪ್ಪ. ಕೊಡಾಕಿಲ್ಲ ಅಂತ ಯೋಳಾಕೇ ಬಂದೆ. ಗಾಡಿಗೆ ಡ್ರೈವರ್ ಅವ್ರೆ.”

“ಯಾರಣ್ಣ?”

ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮನುಷ್ಯ ಕೈಚಾಚಿ ಗಾಳಿಯಲ್ಲಿ ಹುಡುಕಿದರು, ನನ್ನ ಭುಜ ಸಿಕ್ಕಿತು. “ಇವ್ರೇ” ಎಂದರು.

ಮೂವತ್ತು ವರ್ಷದಲ್ಲಿ ಬೇರೆಯವರ ಮುಂದೆ ನನ್ನನ್ನು ‘ಇವ್ಳು’ ಬಿಟ್ಟು ಬೇರೆ ಏನೂ ಕರೆಯದವರು. ನಾನು ಕ್ಲಚ್ಚೋ ಬ್ರೇಕೋ ನೋಡದೆ ಕಾಲು ಬಿಟ್ಟೆ, ಮೈಸೂರಿಗೆ ಹೋಗಿ ಬಂದರೂ ಒಂದು ಸಲವೂ ಕೈಕೊಡದ ಗಾಡಿ ಪಾತ್ರೆ ಅಂಗಡಿಯ ಮುಂದೆ ಎಗರಿ ಬಂದ್ ಆಯಿತು. ಹಿಂದೆ ನಿಂತ ಆಟೋದವನು ಹಾರನ್ ಹೊಡೆದ.

“ಒಡ್ಕೊಳ್ಲಿ ಬುಡು ಅವ್ನು” ಎಂದರು ನಮ್ಮ ಯಜಮಾನರು, ಸೀಟಿಗೆ ಒರಗಿಕೊಂಡು. “ನೀನು ನಿಧಾನಕ್ಕೆ ಸ್ಟಾರ್ಟ್ ಮಾಡು. ಮನೆ ಬಂದ್ರೆ ಎಬ್ಬಿಸು.”